ಸರ್ವರ್ ಆಫೀಸಿನಲ್ಲಿರಲೋ, ಮುಂಬೈಯಲ್ಲಿರಲೋ? ಬೆಳಗಾವಿಯಿಂದ ಒಂದು ಲೆಕ್ಕ

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿ (ಲೋಹ ಎರಕದ ಕಾರ್ಖಾನೆ) ನಡೆಸುವ ಒಬ್ಬರು ನಮ್ಮ ಹಳೆಯ ಗಿರಾಕಿ. ಅವರ ಹೀಟ್ ನಂಬರ್, ಕಾಸ್ಟಿಂಗ್ ತೂಕ, ರಿಜೆಕ್ಷನ್ ಲೆಕ್ಕ ಇಡುವ ಸಾಫ್ಟ್‌ವೇರ್ ನಾವೇ ಬರೆದದ್ದು. ಒಂದು ದಿನ ಚಹಾ ಕುಡಿಯುತ್ತಾ ಕೇಳಿದರು: "ಸರ, ನನ್ನ ಫ್ಯಾಕ್ಟರಿ ಇಲ್ಲೈತಿ. ನಿಮ್ಮ ಆಫೀಸ್ ಟಿಳಕವಾಡ್ಯಾಗೈತಿ. ನಡುವ ಈ ಮುಂಬೈ ಎಲ್ಲಿಂದ ಬಂತ್ರಿ?"

ಮುಂಬೈ ಅಂದರೆ ನಾವು ಬಾಡಿಗೆಗೆ ಹಿಡಿದ ಕ್ಲೌಡ್ ಯಂತ್ರ ಇರುವ ಊರು. ನಾನು ಏನೋ ಹೇಳಿ ಜಾರಿಕೊಂಡೆ. ಆದರೆ ಪ್ರಶ್ನೆ ಸರಿಯಾಗೇ ಇತ್ತು. ನಾವು ಎಂಟು ಜನ. ಮೊದಲು ಎಲ್ಲಾ ಕೆಲಸ ಆಫೀಸಿನ ಮೂಲೆಯಲ್ಲಿದ್ದ ಒಂದು ಸರ್ವರ್ ಮೇಲೆ ನಡೆಯುತ್ತಿತ್ತು. ಆಮೇಲೆ ಎಲ್ಲವನ್ನೂ ಒಂದೇ ಏಟಿಗೆ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ದೂರದ ಯಂತ್ರಗಳಿಗೆ, ಸಾಗಿಸಿದೆವು. ಅದಾದ ಮೇಲೆ ಅರ್ಧ ವಾಪಸ್ ತಂದೆವು. ಎರಡೂ ಕಡೆ ಕೈ ಸುಟ್ಟುಕೊಂಡವನ ಮಾತು ಅಂತ ತಿಳಿದು ಓದಿ. ನಾನು ಹೇಳುತ್ತಿರುವುದು ಸಾಫ್ಟ್‌ವೇರ್ ಬರೆದು, ಬಿಲ್ಡ್ ಮಾಡಿ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸಿ), ಟೆಸ್ಟ್ ಮಾಡುವ ಯಂತ್ರಗಳ ವಿಷಯ. ಗಿರಾಕಿಗಳು ದಿನಾ ಬಳಸುವ ಸರ್ವರ್‌ನ ಲೆಕ್ಕವೇ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಯಾವುದಕ್ಕೆ ಯಾವುದರ ಹೋಲಿಕೆ?

ಕ್ಲೌಡ್ ಅನ್ನುವ ಒಂದೇ ಹೆಸರಲ್ಲಿ ಎರಡು ಬೇರೆ ಸರಕು ಮಾರಾಟವಾಗುತ್ತಿವೆ. ಒಂದು, ಬರೀ ಯಂತ್ರ ಬಾಡಿಗೆಗೆ. ಅಮೆಜಾನ್‌ನ ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್‌ನ ಅಜೂರ್, ಗೂಗಲ್ ಕ್ಲೌಡ್ ಯಾವುದೇ ಆಗಲಿ, ಒಂದು ಲಿನಕ್ಸ್ ಯಂತ್ರ ಹಿಡಿದು, ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನ ರಿಮೋಟ್ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಜೋಡಿಸುವ ವ್ಯವಸ್ಥೆ) ಹಾಕಿಕೊಂಡು ಅದರೊಳಗೆ ಕೆಲಸ ಮಾಡುವುದು. ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಎಲ್ಲಾ ನಿಮ್ಮ ತಲೆ ಮೇಲೆ. ಇನ್ನೊಂದು, ಗಿಟ್‌ಹಬ್ ಕೋಡ್‌ಸ್ಪೇಸಸ್ ಥರದ ಸಿದ್ಧ ಪರಿಸರ. ಯಾವ ಭಾಷೆ, ಯಾವ ಡೇಟಾಬೇಸ್, ಯಾವ ಆವೃತ್ತಿ ಅಂತ ಒಂದು ಫೈಲಿನಲ್ಲಿ ಬರೆದು ಕೋಡ್ ಜೊತೆಗೇ ಇಟ್ಟರೆ, ಬಟನ್ ಒತ್ತಿದಾಗ ಎಲ್ಲಾ ತಯಾರಾಗಿ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ.

ಸ್ವಂತದ್ದು ಅಂದಾಗಲೂ ಹಾಗೇ. ಎಲ್ಲರೂ ಅವರವರ ಲ್ಯಾಪ್‌ಟಾಪ್‌ನಲ್ಲೇ ಎಲ್ಲಾ ಓಡಿಸುವುದು ಒಂದು ರೀತಿ. ಒಂದು ದೊಡ್ಡ ಯಂತ್ರದ ಮೇಲೆ, ಅದನ್ನು ಹಲವು ಯಂತ್ರಗಳಂತೆ ಹಂಚುವ ಪ್ರಾಕ್ಸ್‌ಮಾಕ್ಸ್ ಸಾಫ್ಟ್‌ವೇರ್ ಹಾಕಿ, ಅದರೊಳಗೆ ಪ್ರತಿಯೊಬ್ಬರಿಗೂ ಒಂದು ವರ್ಚುವಲ್ ಯಂತ್ರ ಕೊಡುವುದು ಇನ್ನೊಂದು. ಮೂರು ಜನರ ತನಕ ಲ್ಯಾಪ್‌ಟಾಪೇ ಸಾಕು. ಸುಮ್ನೆ ಸರ್ವರ್ ಕೊಂಡು ಅದರ ಸೇವೆ ಮಾಡುತ್ತಾ ಕೂರಬೇಡಿ.

ದೂರದ ಭಯ

ಬೆಳಗಾವಿಯಲ್ಲಿ ಕೂತು ದೂರದ ಯಂತ್ರದಲ್ಲಿ ಕೋಡ್ ಬರೆದರೆ ಅಕ್ಷರ ತಡವಾಗಿ ಮೂಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಿಂದೊಮ್ಮೆ ಅದರಲ್ಲಿ ಸತ್ಯ ಇತ್ತು. ಈಗ ಯಂತ್ರಗಳು ಅಷ್ಟು ದೂರ ಇಲ್ಲ. ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಮುಂಬೈ, ಚೆನ್ನೈಗಳಲ್ಲಿ ಅಜೂರ್ ತೆರೆಯಿತು. ಎಡಬ್ಲ್ಯೂಎಸ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದ್‌ಗೆ ಬಂತು. ಗೂಗಲ್ 2017ರಲ್ಲಿ ಮುಂಬೈಗೆ ಬಂತು. ನಮ್ಮಿಂದ ಮುಂಬೈ ರಸ್ತೆಯಲ್ಲಿ ಸುಮಾರು 500 ಕಿಲೋಮೀಟರ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಹತ್ತಿರಹತ್ತಿರ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿಬರಲು 5 ಮಿಲಿಸೆಕೆಂಡ್ ಸಾಕು. ತಂತಿ ನೆಟ್ಟಗೆ ಹೋಗುವುದಿಲ್ಲ, ನಡುವೆ ಹತ್ತು ಕಡೆ ನಿಂತು ಹೋಗುತ್ತದೆ, ಹಾಗಾಗಿ ನಿಜದಲ್ಲಿ ಅದರ ಕೆಲವು ಪಟ್ಟು ಆಗುತ್ತದೆ. ಆದರೂ ಕೈಗೆ ಗೊತ್ತಾಗುವುದಿಲ್ಲ. ಯಾಕೆಂದರೆ ವಿಎಸ್ ಕೋಡ್‌ನಲ್ಲಿ ಟೈಪ್ ಮಾಡುವ ಪರದೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ಫೈಲ್ ಮತ್ತು ಓಡುವ ಪ್ರೋಗ್ರಾಂ ಮಾತ್ರ ಅಲ್ಲಿರುತ್ತವೆ.

ರಿಮೋಟ್ ಡೆಸ್ಕ್‌ಟಾಪ್ ಮಾತ್ರ ಬೇರೆ. ಅಲ್ಲಿ ಪ್ರತಿ ಅಕ್ಷರವೂ ಹೋಗಿ, ಚಿತ್ರವಾಗಿ ವಾಪಸ್ ಬರಬೇಕು. ಅದರಲ್ಲಿ ದಿನವಿಡೀ ಕೋಡ್ ಬರೆಯುವುದು ಅಂದರೆ ಮಸುಕು ಕನ್ನಡಕ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ಮತ್ತೊಂದು ಮಾತು: ಕೊಳ್ಳುವ ಮುಂಚೆ ಯಂತ್ರ ಯಾವ ಊರಿನದ್ದು ಅಂತ ಸೆಟ್ಟಿಂಗ್‌ನಲ್ಲಿ ನೋಡಿ. ಅಮೆರಿಕದ ಯಂತ್ರ ಹಿಡಿದುಕೊಂಡು ಕ್ಲೌಡ್ ನಿಧಾನ ಅಂತ ಬೈದವರನ್ನು ಕಂಡಿದ್ದೇನೆ. ಬೇರೆ ಯಾರಲ್ಲ, ನಾವೇ.

ಗಂಟೆ ಎಣಿಸಿ

ಬೆಲೆಯ ಚರ್ಚೆಯಲ್ಲಿ ಜನ ತಿಂಗಳ ಬಾಡಿಗೆಯನ್ನು ಸರ್ವರ್ ಬೆಲೆಯ ಪಕ್ಕ ಇಟ್ಟು ನೋಡುತ್ತಾರೆ. ನೋಡಬೇಕಾದ್ದು ಗಂಟೆ. ನಮ್ಮ ಗೋಕಾಕ ಕಡೆ ಎರಡು ಎಕರೆಯವನು ಟ್ರ್ಯಾಕ್ಟರ್ ಕೊಳ್ಳುವುದಿಲ್ಲ. ರೋಟಾವೇಟರ್ ಹೊಡೆಸಬೇಕಾದಾಗ ಗಂಟೆ ಲೆಕ್ಕದಲ್ಲಿ ಕರೆಸುತ್ತಾನೆ. ಇಪ್ಪತ್ತು ಎಕರೆ ಕಬ್ಬು ಇದ್ದವನ ಅಂಗಳದಲ್ಲಿ ಸ್ವಂತದ್ದು ನಿಂತಿರುತ್ತದೆ. ಯಂತ್ರದ ವಿಷಯವೂ ಇಷ್ಟೇ.

ತಿಂಗಳಿಗೆ 730 ಗಂಟೆ. ದಿನಕ್ಕೆ 8 ಗಂಟೆಯಂತೆ 22 ದಿನ ಕೆಲಸ ಮಾಡಿದರೆ 176 ಗಂಟೆ. ಅಂದರೆ ಹಗಲೂ ರಾತ್ರಿ ಓಡುವ ಬಾಡಿಗೆ ಯಂತ್ರದಲ್ಲಿ ಮುಕ್ಕಾಲು ಭಾಗ ನೀವು ಮನೆಯಲ್ಲಿ ನಿದ್ದೆ ಮಾಡುವುದಕ್ಕೆ ಕೊಟ್ಟ ದುಡ್ಡು.

ಕೋಡ್‌ಸ್ಪೇಸಸ್ ದರ ಪಟ್ಟಿ ನೋಡೋಣ. 2 ಕೋರ್ (ಕೋರ್ ಅಂದರೆ ಪ್ರೊಸೆಸರ್‌ನ ಒಂದು ದುಡಿಯುವ ಘಟಕ) ಯಂತ್ರಕ್ಕೆ ಗಂಟೆಗೆ 0.18 ಡಾಲರ್, 4 ಕೋರ್‌ಗೆ 0.36. ನಮ್ಮ ಕೆಲಸಕ್ಕೆ 4 ಕೋರ್ ಬೇಕು. 176 ಗಂಟೆಗೆ 63 ಡಾಲರ್ ಚಿಲ್ಲರೆ. ಡಾಲರ್‌ಗೆ 90 ರೂಪಾಯಿ ಹಿಡಿಯಿರಿ, ಒಬ್ಬರಿಗೆ ತಿಂಗಳಿಗೆ 5,700. ಎಂಟು ಜನಕ್ಕೆ 45,000 ದಾಟಿತು. ಡಿಸ್ಕ್ ಬಾಡಿಗೆ, ತೆರಿಗೆ ಬೇರೆ. ದರಗಳು ಬದಲಾಗುತ್ತಿರುತ್ತವೆ, ಕೊಳ್ಳುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಒಬ್ಬರೇ ಇದ್ದವರಿಗೆ, ಕಲಿಯುವವರಿಗೆ ಇನ್ನೊಂದು ವಿಷಯ: ವೈಯಕ್ತಿಕ ಖಾತೆಗೆ ತಿಂಗಳಿಗೆ 120 ಕೋರ್ ಗಂಟೆ ಪುಕ್ಕಟೆ. 2 ಕೋರ್ ಯಂತ್ರದಲ್ಲಿ ಅದು 60 ಗಂಟೆ. ಮಚ್ಛೆಯಲ್ಲೋ ಉದ್ಯಮಬಾಗದಲ್ಲೋ ಎಂಜಿನಿಯರಿಂಗ್ ಓದುತ್ತಿರುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಹಳೆಯ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ.

ಈಗ ನಮ್ಮ ಸ್ವಂತ ಯಂತ್ರ. 16 ಕೋರ್, 64 ಜಿಬಿ ರ‍್ಯಾಮ್, ಬೆಲೆ 1 ಲಕ್ಷ 60 ಸಾವಿರ. ನಾಲ್ಕು ವರ್ಷಕ್ಕೆ ಹಂಚಿದರೆ ತಿಂಗಳಿಗೆ 3,300. ಯುಪಿಎಸ್ ಮತ್ತು ಅದರ ಬ್ಯಾಟರಿಗೆ 1,000. ಸುಮಾರು 200 ವಾಟ್ ಎಳೆಯುತ್ತದೆ, ದಿನಕ್ಕೆ 4.8 ಯೂನಿಟ್, ತಿಂಗಳಿಗೆ 144. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 1,150. ಇಲ್ಲಿಗೆ ನಿಲ್ಲಿಸಿದರೆ ಸ್ವಂತದ್ದೇ ಅಗ್ಗ ಅಂತ ಕುಣಿಯಬಹುದು. ಆದರೆ ಅದನ್ನು ನೋಡಿಕೊಳ್ಳುವವರ ಸಮಯ? ಏನೂ ಕೆಡದ ತಿಂಗಳಲ್ಲೂ ನಮ್ಮ ಹುಡುಗನ ಒಂದು ದಿನ ಅದಕ್ಕೆ ಹೋಗುತ್ತದೆ. 2,500 ಸೇರಿಸಿ. ಒಟ್ಟು 8,000 ಅಂದುಕೊಳ್ಳಿ.

ಅಷ್ಟೇ ಶಕ್ತಿಯ ಯಂತ್ರ ಮುಂಬೈಯಲ್ಲಿ ಬಾಡಿಗೆಗೆ ಹಿಡಿದರೆ ಗಂಟೆಗೆ ಸುಮಾರು 70 ರೂಪಾಯಿ. 8,000ವನ್ನು 70ರಿಂದ ಭಾಗಿಸಿದರೆ 114 ಗಂಟೆ. 22 ದಿನಕ್ಕೆ ಹಂಚಿದರೆ ದಿನಕ್ಕೆ ಐದು ಗಂಟೆ ಚಿಲ್ಲರೆ. ನಮ್ಮ ಆಫೀಸಿನ ಗೆರೆ ಇದು. ಯಂತ್ರ ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ದುಡಿದರೆ ಸ್ವಂತದ್ದು, ಕಡಿಮೆ ದುಡಿದರೆ ಬಾಡಿಗೆ. ನಿಮ್ಮ ಗೆರೆ ನನ್ನದೇ ಆಗಬೇಕಿಲ್ಲ. ಆದರೆ ಗೆರೆ ಎಳೆಯದೆ ನಿರ್ಧಾರ ಮಾಡಬೇಡಿ.

ಬಿಲ್ಲು ಬಂದ ದಿನ

ಎಲ್ಲವನ್ನೂ ಕ್ಲೌಡ್‌ಗೆ ಸಾಗಿಸಿದ ವರ್ಷ ಗಣೇಶ ಹಬ್ಬಕ್ಕೆ ಆಫೀಸ್ ಬಾಗಿಲು ಹಾಕಿದೆವು. ಬೆಳಗಾವಿಯಲ್ಲಿ ಹಬ್ಬ ಅಂದರೆ ನಿಮಗೆ ಗೊತ್ತಲ್ಲ. ವಿಸರ್ಜನೆಯ ಮೆರವಣಿಗೆ ಮುಗಿಯುವ ಹೊತ್ತಿಗೆ ಮರುದಿನ ಬೆಳಗಾಗಿರುತ್ತದೆ. ಯಾರೋ ಲೋಡ್ ಟೆಸ್ಟ್‌ಗೆ (ಒಟ್ಟಿಗೆ ಬಹಳ ಜನ ಬಳಸಿದರೆ ತಡೆಯುತ್ತದೋ ಅಂತ ನೋಡುವುದಕ್ಕೆ) ಅಂತ ದೊಡ್ಡ ಡೇಟಾಬೇಸ್ ಯಂತ್ರ ಎಬ್ಬಿಸಿದ್ದರು, ಆಫ್ ಮಾಡಿರಲಿಲ್ಲ. ಮಿತಿ ದಾಟಿತು ಅಂತ ಎಚ್ಚರಿಕೆ ಇಮೇಲ್ ಬಂದಿತ್ತು. ಡೋಲು ತಾಶೆ ಮಧ್ಯೆ ಇಮೇಲ್ ನೋಡುವವರು ಯಾರು? ಆ ತಿಂಗಳ ಬಿಲ್ಲು ಒಬ್ಬ ಹುಡುಗನ ಸಂಬಳಕ್ಕಿಂತ ಜಾಸ್ತಿ ಬಂತು.

ಅಲ್ಲಿ ಕಲಿತದ್ದು: ಬಜೆಟ್ ಎಚ್ಚರಿಕೆ ಅನ್ನುವುದು ಗಂಟೆ ಬಾರಿಸುತ್ತದೆ ಅಷ್ಟೇ, ನಲ್ಲಿ ಬಂದ್ ಮಾಡುವುದಿಲ್ಲ. ರಾತ್ರಿ ಎಂಟಕ್ಕೆ ಯಂತ್ರಗಳನ್ನು ತಾನಾಗೇ ಆಫ್ ಮಾಡುವ ವ್ಯವಸ್ಥೆ ನಾವೇ ಮಾಡಿಡಬೇಕು. ಈ ವಿಷಯದಲ್ಲಿ ಸಿದ್ಧ ಪರಿಸರಗಳು ಜಾಣ. ಕೋಡ್‌ಸ್ಪೇಸಸ್ ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ತಾನೇ ಮಲಗುತ್ತದೆ.

ಸಣ್ಣ ಸಣ್ಣ ಸೋರಿಕೆಗಳೂ ಇವೆ. ಬಾಡಿಗೆ ಯಂತ್ರ ಆಫ್ ಮಾಡಿದರೂ ಅದರ ಡಿಸ್ಕ್‌ಗೆ ಬಾಡಿಗೆ ನಡೆಯುತ್ತಲೇ ಇರುತ್ತದೆ. 2024ರ ಫೆಬ್ರವರಿಯಿಂದ ಎಡಬ್ಲ್ಯೂಎಸ್ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೂ (ಇಂಟರ್ನೆಟ್‌ನಲ್ಲಿ ಯಂತ್ರದ ಮನೆ ನಂಬರ್ ಇದ್ದ ಹಾಗೆ) ಗಂಟೆಗೆ ಅರ್ಧ ಸೆಂಟ್ ಹಾಕುತ್ತಿದೆ. ಒಂದಕ್ಕೆ ಏನೂ ಅನ್ನಿಸುವುದಿಲ್ಲ, ಹತ್ತು ಮರೆತರೆ ಅನ್ನಿಸುತ್ತದೆ. ಡೇಟಾ ಒಳಗೆ ಹಾಕುವುದು ಪುಕ್ಕಟೆ, ದೊಡ್ಡ ಪ್ರಮಾಣದಲ್ಲಿ ಹೊರಗೆ ತೆಗೆಯುವುದಕ್ಕೆ ದುಡ್ಡು.

ಕಪ್ಪು ಧೂಳು

ಹಾಗಂತ ಸ್ವಂತ ಸರ್ವರ್ ಸಾಧು ಪ್ರಾಣಿ ಏನಲ್ಲ. ನಮ್ಮ ಮೊದಲ ಆಫೀಸ್ ಉದ್ಯಮಬಾಗದಲ್ಲಿ, ಒಂದು ಮಷಿನ್ ಶಾಪ್ ಮೇಲಿನ ಮಹಡಿ. ಬಾಡಿಗೆ ಕಡಿಮೆ ಅಂತ ಹೋಗಿದ್ದೆವು. ಎರಡನೇ ಬೇಸಿಗೆಯಲ್ಲಿ ಸರ್ವರ್ ಕೂಗತೊಡಗಿತು. ಫ್ಯಾನ್ ಶಬ್ದ ಹಿಟ್ಟಿನ ಗಿರಣಿ ಹಾಗೆ. ಪಕ್ಕದ ಹಲಗೆ ಬಿಚ್ಚಿ ನೋಡಿದರೆ ಒಳಗೆಲ್ಲಾ ಕಪ್ಪು ಧೂಳು. ಪ್ರೊಸೆಸರ್ ಮೇಲಿನ ರೆಕ್ಕೆಗಳ ನಡುವೆ ಕಾಡಿಗೆ ತುಂಬಿದ ಹಾಗೆ ಗಟ್ಟಿಯಾಗಿ ಕೂತಿತ್ತು. ಬ್ರಷ್‌ನಿಂದ ಕೆರೆದು ಪೇಪರ್ ಮೇಲೆ ಉದುರಿಸಿದೆವು. ಒಬ್ಬ ಹುಡುಗ ತಮಾಷೆಗೆ ಹಳೆಯ ಸ್ಪೀಕರ್‌ನ ಅಯಸ್ಕಾಂತ ತಂದು ಹತ್ತಿರ ಹಿಡಿದ. ಅರ್ಧ ಧೂಳು ಎದ್ದು ಅದಕ್ಕೆ ಅಂಟಿಕೊಂಡಿತು. ಕಬ್ಬಿಣದ ಪುಡಿ! ಕರೆಂಟ್ ಓಡುವ ಬೋರ್ಡ್ ಮೇಲೆ ಅದು ಎರಡು ವರ್ಷ ಮಲಗಿತ್ತು. ಸುಟ್ಟುಹೋಗದೇ ಇದ್ದದ್ದು ನಮ್ಮ ಪುಣ್ಯ.

ಸುಟ್ಟದ್ದು ಆಮೇಲೆ. ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರದಲ್ಲೇ ಎಲ್ಲೋ ಬಿತ್ತು. ಯುಪಿಎಸ್ ಇತ್ತು, ಅರ್ಥಿಂಗ್ ಇತ್ತು. ಏಟು ಕರೆಂಟ್ ವೈರ್‌ನಿಂದ ಬರಲೇ ಇಲ್ಲ. ಛಾವಣಿ ಮೇಲಿಂದ ಇಳಿಸಿದ್ದ ತಾಮ್ರದ ನೆಟ್‌ವರ್ಕ್ ಕೇಬಲ್‌ನಿಂದ ಬಂತು. ಸ್ವಿಚ್ ಹೋಯ್ತು, ಸರ್ವರ್‌ನ ಮದರ್‌ಬೋರ್ಡ್ ಹೋಯ್ತು, ಎರಡು ಡಿಸ್ಕ್‌ಗಳಲ್ಲಿ ಒಂದು ಹೋಯ್ತು. ಬ್ಯಾಕಪ್ ಎಲ್ಲಿತ್ತು ಹೇಳಿ? ಡೇಟಾ ಇದ್ದ, ಸುಟ್ಟುಹೋದ ಅದೇ ಡಿಸ್ಕ್‌ನಲ್ಲಿ. ಕೋಡ್ ಉಳಿಯಿತು, ಯಾಕೆಂದರೆ ಕೋಡ್‌ನ ಪ್ರತಿ ಬದಲಾವಣೆ ಬರೆದಿಡುವ ಗಿಟ್‌ನಲ್ಲಿ ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಪೂರ್ತಿ ಇತಿಹಾಸ ಇರುತ್ತದೆ. ಆದರೆ ಟೆಸ್ಟ್ ಡೇಟಾ, ಬಿಲ್ಡ್ ಸೆಟ್ಟಿಂಗ್‌ಗಳು, ಮೂರು ವರ್ಷದ ಬಗ್ ಪಟ್ಟಿ ಎಲ್ಲಾ ನೀರುಪಾಲು.

ಹಾಗಾಗಿ ಸ್ವಂತ ಸರ್ವರ್ ಇಡುವವರು ಮೂರು ವಿಷಯದಲ್ಲಿ ಜಿಪುಣತನ ಮಾಡಬೇಡಿ. ಗಾಳಿ ಶುದ್ಧ ಇರುವ ಕೋಣೆ. ಹೊರಗಿನಿಂದ ಬರುವ ಲೈನ್ ತಾಮ್ರದ್ದಾಗದೆ ಫೈಬರ್ ಆಗಿರುವುದು. ಕಟ್ಟಡದ ಹೊರಗೆ ಒಂದು ಬ್ಯಾಕಪ್ ಪ್ರತಿ. ನಮ್ಮದು ಈಗ ಪ್ರತಿ ರಾತ್ರಿ ಕ್ಲೌಡ್ ಸ್ಟೋರೇಜ್‌ಗೆ ಹೋಗುತ್ತದೆ. ತಿಂಗಳಿಗೊಮ್ಮೆ ಅದನ್ನು ವಾಪಸ್ ಇಳಿಸಿ ತೆರೆದು ನೋಡುತ್ತೇವೆ. ತೆರೆದು ನೋಡದ ಬ್ಯಾಕಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಜೆಸಿಬಿ ಬಂದಾಗ

ಇಂಟರ್ನೆಟ್ ಹೋದ ದಿನ ಎರಡರ ಗುಣವೂ ಒಟ್ಟಿಗೆ ಕಾಣುತ್ತದೆ. ನಾವು ಪೂರ್ತಿ ಕ್ಲೌಡ್‌ನಲ್ಲಿದ್ದಾಗ ಎರಡು ಕಂಪನಿಗಳ ಲೈನ್ ಹಾಕಿಸಿದ್ದೆವು. ಒಂದು ಹೋದರೆ ಇನ್ನೊಂದು ಅನ್ನುವ ಧೈರ್ಯ. ರಸ್ತೆ ಅಗೆಯಲು ಬಂದ ಜೆಸಿಬಿ ಒಂದೇ ಎಳೆತಕ್ಕೆ ಎರಡನ್ನೂ ಕಿತ್ತಿತು. ಎರಡೂ ಕೇಬಲ್ ಒಂದೇ ಗುಂಡಿಯಲ್ಲಿದ್ದವು. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಒಂದೂವರೆ ದಿನ ನಡೆಸಿದೆವು. ನಿಜ ಹೇಳಬೇಕೆಂದರೆ ಬರೆಯುವ ಕೆಲಸ ನಡೆಯಿತು. ಎಸ್‌ಎಸ್‌ಎಚ್‌ಗೆ ಬೇಕಾಗುವ ಡೇಟಾ ತೀರಾ ಕಡಿಮೆ. ಎರಡನೇ ಲೈನ್ ಬೇಕಿದ್ದರೆ ನೆಲದಲ್ಲಿ ಹಾಕಿಸಬೇಡಿ, ಸಿಮ್ ಹಾಕುವ ರೌಟರ್ ಇಡಿ.

ಇಲ್ಲಿ ಬಹಳ ಜನ ಗಮನಿಸದ ಒಂದು ತಿರುವು ಇದೆ. ಕ್ಲೌಡ್‌ನಲ್ಲಿದ್ದರೆ ನಿಮ್ಮ ಲೈನ್ ಮೇಲೆ ಭಾರ ಕಡಿಮೆ. ಗಿಗಾಬೈಟ್‌ಗಟ್ಟಲೆ ಡಾಕರ್ ಇಮೇಜ್ (ಪ್ರೋಗ್ರಾಂ ಓಡಲು ಬೇಕಾದದ್ದೆಲ್ಲಾ ತುಂಬಿದ ಕಟ್ಟು), ಲೈಬ್ರರಿಗಳು ಎಲ್ಲಾ ಡೇಟಾ ಸೆಂಟರ್‌ನ ದಪ್ಪ ಲೈನ್‌ನಲ್ಲೇ ಇಳಿಯುತ್ತವೆ. ಸ್ವಂತ ಸರ್ವರ್‌ಗೆ ಅವೆಲ್ಲಾ ನಿಮ್ಮ ಬ್ರಾಡ್‌ಬ್ಯಾಂಡ್‌ನಿಂದಲೇ ಬರಬೇಕು. ಎಂಟು ಜನ ಒಟ್ಟಿಗೆ ಇಳಿಸಲು ಕೂತರೆ ವಿಡಿಯೊ ಕಾಲ್ ನಿಂತುಹೋಗುತ್ತದೆ. ಒಮ್ಮೆ ಇಳಿದದ್ದನ್ನು ಆಫೀಸಿನಲ್ಲೇ ಹಿಡಿದಿಡುವ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಹಾಕಿಕೊಳ್ಳಿ, ತಲೆನೋವು ಅರ್ಧ ಕಡಿಮೆ.

ಇನ್ನು ಹೊರಗಿನಿಂದ ಆಫೀಸ್ ಸರ್ವರ್ ಮುಟ್ಟುವುದು. ನಮ್ಮಲ್ಲಿ ಒಬ್ಬಳು ಚಿಕ್ಕೋಡಿಯ ಮನೆಯಿಂದ ಕೆಲಸ ಮಾಡುತ್ತಾಳೆ, ಒಬ್ಬ ಪುಣೆಯಲ್ಲಿದ್ದಾನೆ. ಎಷ್ಟೋ ಬ್ರಾಡ್‌ಬ್ಯಾಂಡ್ ಲೈನ್‌ಗಳಲ್ಲಿ ನಿಮ್ಮದೇ ಆದ ಸಾರ್ವಜನಿಕ ಐಪಿ ಸಿಗುವುದಿಲ್ಲ, ಹಾಗಾಗಿ ಹೊರಗಿನಿಂದ ನೇರ ಒಳಗೆ ಬರಲು ಆಗುವುದಿಲ್ಲ. ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಅನ್ನುವ ವಿಪಿಎನ್ (ಇಂಟರ್ನೆಟ್ ಒಳಗೇ ನಮ್ಮದೇ ಖಾಸಗಿ ದಾರಿ) ಹಾಕಿದರೆ ದಾರಿ ಆಗುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಪೋರ್ಟನ್ನು ಇಂಟರ್ನೆಟ್‌ಗೆ ತೆರೆದಿಡುವ ಅಡ್ಡದಾರಿ ಮಾತ್ರ ಹಿಡಿಯಬೇಡಿ. ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಹೊಗುವ ಹಳೆಯ ಬಾಗಿಲು ಅದು.

ಗಿರಾಕಿಯ ಕಾಗದ

"ಡೇಟಾ ಆಫೀಸಿನಲ್ಲೇ ಇರಬೇಕು ಅಂತ ಕಾನೂನು ಐತಿ" ಅನ್ನುವ ಮಾತು ಆಗಾಗ ಕೇಳುತ್ತೇನೆ. ಹಾಗೆ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಎಲ್ಲಾ ಡೇಟಾ ದೇಶದೊಳಗೇ ಇರಬೇಕು ಅಂತಲೂ ಹೇಳುವುದಿಲ್ಲ. ಕೆಲವು ದೇಶಗಳಿಗೆ ಕಳಿಸದಂತೆ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಹಣ ಪಾವತಿಯ ಡೇಟಾ ಮಾತ್ರ ಭಾರತದಲ್ಲೇ ಇಡಬೇಕು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿದೆ. ಅದಕ್ಕೂ ಮುಂಬೈ, ಹೈದರಾಬಾದ್ ನಡೆಯುತ್ತವೆ.

ನಮ್ಮಂಥವರನ್ನು ಕಟ್ಟಿಹಾಕುವುದು ಕಾನೂನಿಗಿಂತ ಗಿರಾಕಿಯ ಕರಾರು ಪತ್ರ. ಹೊರದೇಶಕ್ಕೆ ಕಾಸ್ಟಿಂಗ್ ಕಳಿಸುವ ಫೌಂಡ್ರಿಗಳಿಗೆ ಅವರ ಗಿರಾಕಿ ಕೊಟ್ಟ ಡ್ರಾಯಿಂಗ್‌ಗಳು ಇರುತ್ತವೆ. ಅವು ಫ್ಯಾಕ್ಟರಿಯಿಂದ ಆಚೆ ಹೋಗಬಾರದು ಅಂತ ಬರೆದುಕೊಂಡಿರುತ್ತಾರೆ. ಕಾಗದ ತರಿಸಿ ಓದಿ. ಹಾಗೆ ಬರೆದಿದ್ದರೆ ಕ್ಲೌಡ್ ಮಾತೇ ಬೇಡ, ಅಷ್ಟೇ ಏಕೆ, ನಿಮ್ಮ ಆಫೀಸಿನ ಸರ್ವರ್ ಕೂಡ ಆಗುವುದಿಲ್ಲ. ಅಲ್ಲೇ ಹೋಗಿ ಕೂತು ಕೆಲಸ ಮಾಡಬೇಕು. ಉಳಿದ ಕೆಲಸಕ್ಕೆ ನಿಜವಾದ ಡೇಟಾ ಬೇಕಾಗುವುದೇ ಇಲ್ಲ. ಸುಳ್ಳು ಹೆಸರು, ಸುಳ್ಳು ರೇಟ್ ತುಂಬಿದ ಟೆಸ್ಟ್ ಡೇಟಾ ಒಂದು ವಾರ ಕೂತು ಮಾಡಿಕೊಂಡರೆ ಈ ತಕರಾರೇ ಏಳುವುದಿಲ್ಲ.

ಹೊಸಬರು ಮತ್ತು ಹಳೆಯ ಹಂಗು

ಕಾಲೇಜಿನಿಂದ ಹೊಸದಾಗಿ ಬಂದವರು ಮೊದಲ ಎರಡು ದಿನ ಏನು ಮಾಡುತ್ತಾರೆ? ಇನ್‌ಸ್ಟಾಲ್. ಒಬ್ಬರಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇರೆ ಆವೃತ್ತಿ, ಇನ್ನೊಬ್ಬರಿಗೆ ನೋಡ್ ಬೇರೆ ಆವೃತ್ತಿ. "ನನ್ನ ಲ್ಯಾಪ್‌ಟಾಪ್‌ದಾಗ ನಡೀತದಲ್ರೀ" ಅನ್ನುವ ರಾಗ. ಕ್ಲೌಡ್ ಪರಿಸರ ಇಲ್ಲಿ ಸ್ಪಷ್ಟವಾಗಿ ಗೆಲ್ಲುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಂದ ಹುಡುಗಿ ಚಹಾ ಹೊತ್ತಿಗೆ ಕೋಡ್ ಓಡಿಸಿರುತ್ತಾಳೆ. ಆದರೆ ಆ ಗೆಲುವಿನ ಗುಟ್ಟು ಪರಿಸರ ಬರೆದಿಟ್ಟ ಆ ಒಂದು ಡೆವ್‌ಕಂಟೇನರ್ ಫೈಲ್. ಅದೇ ಫೈಲ್ ಆಫೀಸ್ ಸರ್ವರ್ ಮೇಲೂ, ಲ್ಯಾಪ್‌ಟಾಪ್ ಮೇಲೂ ಓಡುತ್ತದೆ. ಏನೇ ಆರಿಸಿಕೊಳ್ಳಿ, ಮೊದಲು ಆ ಫೈಲ್ ಬರೆಯಿರಿ. ನಾಳೆ ಮನಸ್ಸು ಬದಲಾದರೆ ಮನೆ ಸಾಗಿಸುವುದು ಸುಲಭ.

ಮನಸ್ಸು ಬದಲಾಗದಿದ್ದರೂ ಮಾರುವವರದ್ದು ಬದಲಾಗುತ್ತದೆ. ಕ್ಲೌಡ್9 ಅನ್ನುವ ಎಡಬ್ಲ್ಯೂಎಸ್‌ನ ಸಿದ್ಧ ಪರಿಸರಕ್ಕೆ 2024ರ ಜುಲೈಯಿಂದ ಹೊಸ ಗಿರಾಕಿಗಳಿಗೆ ಪ್ರವೇಶ ಇಲ್ಲ. ಸ್ವಂತ ಸರ್ವರ್ ಇದ್ದವರೂ ಬಚಾವ್ ಅಲ್ಲ. 2023ರ ಕೊನೆಯಲ್ಲಿ, ಪ್ರಾಕ್ಸ್‌ಮಾಕ್ಸ್ ಥರದ್ದೇ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಕಂಪನಿ ಬ್ರಾಡ್‌ಕಾಮ್ ಕೈಗೆ ಹೋಯಿತು. ಒಮ್ಮೆ ಕೊಂಡರೆ ಸದಾ ನಿಮ್ಮದು ಅನ್ನುವ ಲೈಸೆನ್ಸ್ ಮಾರಾಟವೇ ನಿಂತಿತು. ನಾವು ಪ್ರಾಕ್ಸ್‌ಮಾಕ್ಸ್ ಹಿಡಿದದ್ದು ಅದೇ ಹೊತ್ತಿಗೆ.

37ಸಿಗ್ನಲ್ಸ್ ಅನ್ನುವ ಅಮೆರಿಕದ ಸಾಫ್ಟ್‌ವೇರ್ ಕಂಪನಿ 2022ರಲ್ಲಿ ಕ್ಲೌಡ್ ಬಿಡುತ್ತೇವೆ ಅಂತ ಸಾರಿದ ಮೇಲೆ, ನಾವೂ ಬಿಡೋಣ ಅಂತ ಎಷ್ಟೋ ಜನ ಹೊರಟರು. ಅವರ ಬಳಿ ಸರ್ವರ್ ನೋಡಿಕೊಳ್ಳುವ ತಂಡ ಮೊದಲೇ ಇತ್ತು. ಅವರ ಯಂತ್ರಗಳು ಬಾಡಿಗೆ ಡೇಟಾ ಸೆಂಟರ್‌ನ ತಣ್ಣನೆ ಕೋಣೆಯಲ್ಲಿವೆ, ಮಷಿನ್ ಶಾಪ್ ಮೇಲಿನ ಮಹಡಿಯಲ್ಲಲ್ಲ.

ಯಾರಿಗೆ ಯಾವುದು?

ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಮೂರು ಜನರ ತನಕ ಲ್ಯಾಪ್‌ಟಾಪ್, ಮೇಲೆ ಪುಕ್ಕಟೆ ಗಂಟೆಗಳು. ಜನ ಬೇರೆ ಬೇರೆ ಊರಲ್ಲಿದ್ದು, ಸರ್ವರ್ ಬಗ್ಗೆ ಆಸಕ್ತಿ ಇರುವವರು ಒಬ್ಬರೂ ಇಲ್ಲದಿದ್ದರೆ ಸಿದ್ಧ ಕ್ಲೌಡ್ ಪರಿಸರ, ದುಬಾರಿಯಾದರೂ ಸರಿ. ನೋಡಿಕೊಳ್ಳುವವರು ಇಲ್ಲದ ಸರ್ವರ್ ದಿನಾ ಮೇವು ಕೇಳುವ ಎಮ್ಮೆ ಇದ್ದ ಹಾಗೆ, ಹಾಲು ಮಾತ್ರ ಕೊಡುವುದಿಲ್ಲ. ಎಲ್ಲರೂ ಒಂದೇ ಆಫೀಸಿಗೆ ಬರುತ್ತಾರೆ, ದಿನವಿಡೀ ಬಿಲ್ಡ್ ಓಡುತ್ತದೆ, ಒಬ್ಬರಿಗಾದರೂ ಲಿನಕ್ಸ್ ಹುಚ್ಚು ಇದೆ ಅಂದರೆ ಸ್ವಂತದ್ದು. ವರ್ಷಕ್ಕೆ ನಾಲ್ಕು ಬಾರಿ ಮಾತ್ರ ಬೇಕಾಗುವ ದೊಡ್ಡ ಲೋಡ್ ಟೆಸ್ಟ್‌ಗೆ, ಜಿಪಿಯು ಬೇಡುವ ಪ್ರಯೋಗಕ್ಕೆ ಬಾಡಿಗೆ. ಅದಕ್ಕೋಸ್ಕರ ಯಂತ್ರ ಕೊಳ್ಳುವುದು ಒಂದು ಮದುವೆಗೆ ಅಂತ ಕಲ್ಯಾಣ ಮಂಟಪ ಕಟ್ಟಿಸಿದ ಹಾಗೆ.

ನಮ್ಮಲ್ಲಿ ಈಗ ಕೋಡ್ ಗಿಟ್‌ಹಬ್‌ನಲ್ಲಿದೆ. ದಿನದ ಬಿಲ್ಡ್, ಟೆಸ್ಟ್ ಎಲ್ಲಾ ಟಿಳಕವಾಡಿಯ ಸರ್ವರ್ ಮೇಲೆ. ಪುಣೆಯವನಿಗೆ, ಚಿಕ್ಕೋಡಿಯವಳಿಗೆ ಕೋಡ್‌ಸ್ಪೇಸಸ್, ಹೊಸದಾಗಿ ಸೇರಿದವರಿಗೂ ಮೊದಲ ಎರಡು ತಿಂಗಳು ಅದೇ. ಗಿರಾಕಿಗೆ ತೋರಿಸುವ ಡೆಮೊ ಮುಂಬೈಯಲ್ಲಿ. ಫೌಂಡ್ರಿಯವರಿಗೆ ಕೊನೆಗೆ ಇಷ್ಟನ್ನೇ ವಿವರಿಸಿದೆ. "ಅಂದ್ರ ಪ್ಯಾಟರ್ನ್ ನಿಮ್ಮ ಕಡೆ, ಮೋಲ್ಡಿಂಗ್ ಬ್ಯಾರೆ ಕಡೆ ಅನ್ರಿ" ಅಂದರು. ಎರಕದ ಮಾದರಿ ಒಂದು ಕಡೆ, ಅಚ್ಚು ಮಾಡುವುದು ಇನ್ನೊಂದು ಕಡೆ. ಹೆಚ್ಚುಕಡಿಮೆ ಹೌದು.

ಯುಪಿಎಸ್ ಬ್ಯಾಟರಿಗೆ ಈ ದೀಪಾವಳಿಗೆ ಮೂರು ವರ್ಷ ತುಂಬುತ್ತದೆ. ಹೊಸದಕ್ಕೆ 28,000 ಅಂತ ಕೊಟೇಷನ್ ಬಂದು ಮೇಜಿನ ಮೇಲೆ ಕೂತಿದೆ. ಹಾಕಿಸುವುದೋ, ಬಿಲ್ಡ್ ಯಂತ್ರವನ್ನೂ ಬಾಡಿಗೆಗೆ ದಾಟಿಸುವುದೋ ಅಂತ ಹದಿನೈದು ದಿನದಿಂದ ಸರ್ವರ್ ದುಡಿದ ಗಂಟೆ ಬರೆದಿಡುತ್ತಿದ್ದೇನೆ. ಮೊದಲ ವಾರ ದಿನಕ್ಕೆ ಏಳು ಗಂಟೆ ಬಂತು. ಈ ವಾರ ಒಂಬತ್ತು. ಸೋಮವಾರ ಬ್ಯಾಟರಿಯವರಿಗೆ ಫೋನ್ ಮಾಡಬೇಕು.